ಕ್ವಾರ್ಟರ್ಸಿನ ನಾಲ್ವರು

ಆ ದೊಡ್ಡಾಸ್ಪತ್ರೆಯ ಲಾಂಡ್ರಿಗೆ ದಿನಕ್ಕೆ ಸಾವಿರಕ್ಕೂ ಹೆಚ್ಚು ಹಾಸುಬಟ್ಟೆಗಳು ಬರುತ್ತಿದ್ದವು. ಆಪರೇಷನ್ ಕೋಣೆಯ ಹಸಿರು ಬಟ್ಟೆ ಬೇರೆ, ಹೆರಿಗೆ ವಾರ್ಡಿನದು ಬೇರೆ, ಸುಟ್ಟಗಾಯದವರದು ಇನ್ನೂ ಬೇರೆ. ಯಾವ ಮೂಟೆ ಯಾವ ಯಂತ್ರಕ್ಕೆ ಹೋಗಬೇಕು, ಯಾವುದನ್ನು ಎಷ್ಟು ಹೊತ್ತು ಕುದಿಸಬೇಕು ಎಂಬುದನ್ನು ಇಪ್ಪತ್ತೆರಡು ವರ್ಷಗಳಿಂದ ಒಬ್ಬಳೇ ಹೆಂಗಸು ನೋಡಿಕೊಳ್ಳುತ್ತಿದ್ದಳು. ಬಟ್ಟೆಯ ವಾಸನೆ ಹಿಡಿದೇ ಇದು ಯಾವ ವಾರ್ಡಿನದು ಎಂದು ಹೇಳುವಷ್ಟು ಪಳಗಿದವಳು. ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಅವಳು ಲಾಂಡ್ರಿಯಕ್ಕ. ಇಸ್ತ್ರಿಯ ದೊಡ್ಡ ರೋಲರು ತಾಗಿ ತಾಗಿ ಅವಳ ಎರಡೂ ಮುಂಗೈಗಳ ಮೇಲೆ ಕಂದು ಬಣ್ಣದ ಗೆರೆಗಳಿದ್ದವು.

ಆಸ್ಪತ್ರೆಯ ಹಿಂದೆಯೇ ಸಿಬ್ಬಂದಿಯ ಕ್ವಾರ್ಟರ್ಸು. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲಷ್ಟೇ ಸಾಲುವ ಬಾಲ್ಕನಿ ಇರುವ ಮನೆ ಅವಳದು. ಮದುವೆಯಾದ ಎರಡನೇ ವರ್ಷ ಸಿಕ್ಕಿತ್ತು. ಗಂಡ ಲಿಫ್ಟ್ ರಿಪೇರಿಯ ಮೆಕ್ಯಾನಿಕ್ಕು. ಅತ್ತೆಯೂ ಸೇರಿ ಮೂವರು ಅಲ್ಲಿಗೆ ಬಂದಿದ್ದರು. ಒಂಬತ್ತು ವರ್ಷ ಸಂಸಾರ ನಡೆಯಿತು. ಮಕ್ಕಳಾಗಲಿಲ್ಲ. ಒಂಬತ್ತನೇ ವರ್ಷ ಗಂಡನಿಗೆ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯ ಮೇಲೆ ಮನಸ್ಸಾಯಿತು. ಅವನು ಅದನ್ನು ಬಹಳ ದಿನ ಮುಚ್ಚಿಡಲೂ ಇಲ್ಲ. ಹೀಗೆ ಹೀಗಾಗಿದೆ, ನನಗೆ ಬಿಡುಗಡೆ ಕೊಡು ಎಂದು ಒಂದು ಭಾನುವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು ಕೇಳಿದ. ಕೊಟ್ಟಳು.

ವಿಚ್ಛೇದನದ ತೀರ್ಪು ಬಂದ ದಿನ ಅತ್ತೆ ಮಗನ ಜೊತೆಯಲ್ಲೇ ಕೋರ್ಟಿಗೆ ಬಂದಿದ್ದರು. ಎಲ್ಲ ಮುಗಿದ ಮೇಲೆ ಮಗ ಸ್ಕೂಟರು ತರಲು ಕೆಳಗಿಳಿದು ಹೋದ. ಅತ್ತೆ ಉದ್ದನೆಯ ವರಾಂಡ ದಾಟಿ, ಇನ್ನೊಂದು ತುದಿಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದ ಸೊಸೆಯ ಪಕ್ಕ ಬಂದು ಕೂತರು.

"ಮುಗೀತಾ?"

"ಮುಗೀತು ಅತ್ತೆ," ಎಂದಳು ಅವಳು. ಆಮೇಲೆ, "ಇನ್ಮೇಲೆ ನಿಮ್ಮನ್ನ ಏನಂತ ಕರೀಬೇಕೋ ಗೊತ್ತಿಲ್ಲ," ಎಂದು ಸೇರಿಸಿದಳು.

"ಆ ಕಾಗದದಲ್ಲಿ ನನ್ನ ಹೆಸರು ಎಲ್ಲಾದ್ರೂ ಇದೆಯಾ?"

"ಇಲ್ಲ."

"ಹಾಗಿದ್ಮೇಲೆ ನನಗೂ ನಿನಗೂ ಏನೂ ಆಗಿಲ್ಲ. ನಡಿ, ಬಸ್ಸು ತಪ್ಪುತ್ತೆ."

ಸೊಸೆ ಏಳಲಿಲ್ಲ. ಅತ್ತೆ ತಮಾಷೆ ಮಾಡುತ್ತಿದ್ದಾರೋ, ಆಘಾತದಿಂದ ತಲೆ ಕೆಟ್ಟಿದೆಯೋ ಅವಳಿಗೆ ತಿಳಿಯಲಿಲ್ಲ.

"ಅವನು ನನ್ನ ಮಗ. ಹೆತ್ತಿದ್ದೀನಿ, ಅಲ್ಲ ಅನ್ನೋಕಾಗಲ್ಲ," ಎಂದರು ಅತ್ತೆ ಮೆಲ್ಲಗೆ. "ಆದರೆ ಅವನ ಹೊಸ ಮನೇಲಿ ಕೂತು, ನಿನ್ನ ಬಗ್ಗೆ ಒಂದೊಂದು ಮಾತು ಕೇಳಿಸ್ಕೊಂಡು, ಹೂಂ ಹೂಂ ಅಂತ ಊಟ ಮಾಡೋದು ನನ್ನಿಂದಾಗಲ್ಲ. ನಿನಗೆ ಬೇಡ ಅಂದ್ರೆ ಹೇಳಿಬಿಡು."

ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ದಿನ ಕೋರ್ಟಿನಿಂದ ಗಂಡ ಒಬ್ಬನೇ ಒಂದು ದಿಕ್ಕಿಗೆ ಹೋದ. ಅತ್ತೆ ಸೊಸೆ ಇಬ್ಬರೂ ಇನ್ನೊಂದು ದಿಕ್ಕಿನ ಬಸ್ಸು ಹತ್ತಿದರು. ಲಾಂಡ್ರಿಯಲ್ಲಿ ಈ ಸುದ್ದಿ ಬಹಳ ದಿನ ಓಡಾಡಿತು. ಗಂಡನ್ನ ಕೊಟ್ಟು ಅತ್ತೇನ ಇಟ್ಕೊಂಡಳು, ಚೌಕಾಶಿ ಅಂದ್ರೆ ಇದು, ಎಂದು ಬಾಯ್ಲರಿನವನು ನಕ್ಕ. ಅವಳೂ ನಕ್ಕಳು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಹಾಗೆಂದು ಇಬ್ಬರೂ ಹಾಲು ಜೇನಿನ ಹಾಗೆ ಇದ್ದರೆಂದಲ್ಲ. ಅತ್ತೆ ರೇಡಿಯೋ ಜೋರಾಗಿ ಹಾಕುತ್ತಿದ್ದರು, ಗ್ಯಾಸಿನ ಗುಂಡಿ ಆರಿಸಿದೆಯೋ ಇಲ್ಲವೋ ಎಂದು ಮಲಗುವ ಮುಂಚೆ ನಾಲ್ಕು ಸಲ ಎದ್ದು ನೋಡುತ್ತಿದ್ದರು, ಸೊಸೆ ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು. "ಸಾವಿರ ಬಟ್ಟೆ ಮಡಚೋಳಿಗೆ ಪಾಠ ಹೇಳ್ಕೊಡ್ತೀರಾ?" ಎಂದರೆ, "ಸಾವಿರ ಮಡಚಿ ಮಡಚಿಯೇ ಕೈ ಕೆಟ್ಟಿರೋದು," ಎನ್ನುತ್ತಿದ್ದರು. ಹೀಗೆ ಹನ್ನೊಂದು ವರ್ಷ ಕಳೆಯಿತು. ಮಗ ತಿಂಗಳಿಗೊಮ್ಮೆ ತಾಯಿಯನ್ನು ಆಸ್ಪತ್ರೆಯ ಗೇಟಿನ ಹತ್ತಿರ ಕಂಡು ಹೋಗುತ್ತಿದ್ದ. ಮೇಲೆ ಬರುತ್ತಿರಲಿಲ್ಲ. ಅವನಿಗೊಂದು ಹೆಣ್ಣು ಮಗುವಾಗಿದೆ ಎಂಬುದನ್ನು ಅತ್ತೆ ಹೇಳಿದ್ದರು. ಲಾಂಡ್ರಿಯಕ್ಕ ಕೇಳಿಸಿಕೊಂಡಿದ್ದಳು, ಅಷ್ಟೇ.

ಹನ್ನೊಂದನೇ ವರ್ಷದ ಒಂದು ಮಂಗಳವಾರ, ಕಟ್ಟುತ್ತಿದ್ದ ಕಟ್ಟಡವೊಂದರ ಲಿಫ್ಟಿನ ಬಾವಿಯೊಳಗೆ ಅವನು ಬಿದ್ದ. ತಂದದ್ದು ಅದೇ ಆಸ್ಪತ್ರೆಗೆ. ತುರ್ತು ವಿಭಾಗದ ನರ್ಸು ಅವನ ಮುಖ ಗುರುತು ಹಿಡಿದು, ಲಾಂಡ್ರಿಗೆ ಫೋನು ಮಾಡಿ, ಏನು ಹೇಳಬೇಕೆಂದು ತಿಳಿಯದೆ, "ಅಕ್ಕಾ, ಸ್ವಲ್ಪ ಬಂದುಹೋಗಿ" ಎಂದಷ್ಟೇ ಹೇಳಿದಳು. ಅವಳು ಹೋಗಿ ನೋಡಿದಳು. ಉಸಿರಿರಲಿಲ್ಲ. ಮೇಲೆ ಹೊದಿಸಿದ್ದ ಹಾಸುಬಟ್ಟೆ ಹಳೆಯದು, ಒಂದು ಮೂಲೆ ಹರಿದಿತ್ತು. ಲಾಂಡ್ರಿಗೆ ವಾಪಸು ಬಂದು, ಮೇಲಿನ ಕಪಾಟಿನಿಂದ ಹೊಸ ಬಟ್ಟೆಯೊಂದನ್ನು ತೆಗೆದುಕೊಂಡು ಹೋಗಿ ತಾನೇ ಹೊದಿಸಿದಳು. ಆಮೇಲೆ ಅತ್ತೆಗೆ ಹೇಳಲು ಮೂರು ಮಹಡಿ ಹತ್ತಿದಳು. ಆ ಮೆಟ್ಟಿಲುಗಳು ಅಷ್ಟು ಉದ್ದವೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವನ ಎರಡನೆಯವಳನ್ನು, ಔಷಧಿ ಅಂಗಡಿಯ ಆ ಹುಡುಗಿಯನ್ನು, ಅವಳು ಮೊದಲ ಸಲ ಹತ್ತಿರದಿಂದ ನೋಡಿದ್ದು ಆ ಸಂಜೆಯೇ, ಶವಾಗಾರದ ಹೊರಗೆ. ಆರು ವರ್ಷದ ಮಗು ಅವಳ ತೊಡೆಯ ಮೇಲೆ ಮಲಗಿತ್ತು.

ಅದಾಗಿ ಎರಡು ತಿಂಗಳ ಮೇಲೆ ಎರಡನೆಯವಳು ಮಗುವಿನ ಕೈ ಹಿಡಿದುಕೊಂಡು ಮೂರನೇ ಮಹಡಿಯ ಬಾಗಿಲಿಗೆ ಬಂದಳು. ಇದ್ದ ಮನೆ ಗಂಡನ ಕಂಪನಿಯದಾಗಿತ್ತು, ಖಾಲಿ ಮಾಡಿಸಿದ್ದರು. ತವರೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವಳು ಬೆಳೆದದ್ದೇ ಅನಾಥಾಶ್ರಮದಲ್ಲಿ. ಔಷಧಿ ಅಂಗಡಿಯ ಕೆಲಸವಿತ್ತು, ಆದರೆ ಸಂಜೆಯ ಪಾಳಿಯಲ್ಲಿ ಮಗುವನ್ನು ನೋಡಿಕೊಳ್ಳುವವರಿರಲಿಲ್ಲ. ಇಷ್ಟನ್ನೂ ಅವಳು ಹೊಸ್ತಿಲಾಚೆ ನಿಂತು, ಲಾಂಡ್ರಿಯಕ್ಕನ ಮುಖ ನೋಡದೆ, ಅತ್ತೆಗೆ ಹೇಳಿದಳು.

ಅತ್ತೆ ಸೊಸೆಯ ಕಡೆ ತಿರುಗಿದರು. "ನಿನ್ನ ಮನೆ, ನಿನ್ನ ಮಾತು. ಬೇಡ ಅಂದ್ರೆ ಬೇಡ. ನಾನು ಒಂದು ಮಾತೂ ಆಡಲ್ಲ."

ಆಡಲಿಲ್ಲ. ಒಳಗೆ ಹೋಗಿ ಮಗುವಿಗೆ ಹಾಲು ಕಾಯಿಸಲು ಇಟ್ಟರು. ಲಾಂಡ್ರಿಯಕ್ಕ ಮಗುವನ್ನು ನೋಡಿದಳು. ಅದರ ಕಿವಿಗಳ ಮೇಲ್ತುದಿ ಒಂಚೂರು ಮುರುಟಿಕೊಂಡ ಹಾಗಿತ್ತು. ಆ ಕಿವಿಗಳನ್ನು ಅವಳು ಒಂಬತ್ತು ವರ್ಷ ಪಕ್ಕದ ದಿಂಬಿನ ಮೇಲೆ ನೋಡಿದ್ದಳು. ತನಗಾದದ್ದು ಕನಿಕರವೋ ಹೊಟ್ಟೆಕಿಚ್ಚೋ ಅವಳಿಗೇ ತಿಳಿಯಲಿಲ್ಲ.

"ಎರಡು ವಾರ," ಎಂದಳು. "ಅಷ್ಟರಲ್ಲಿ ಬೇರೆ ಜಾಗ ನೋಡ್ಕೋಬೇಕು."

ಎರಡು ವಾರ ಎರಡು ತಿಂಗಳಾಯಿತು, ಆಮೇಲೆ ಒಂದು ವರ್ಷವಾಯಿತು. ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ. ಮೊದಮೊದಲು ಇಬ್ಬರು ಹೆಂಗಸರೂ ಒಂದೇ ಕೋಣೆಯಲ್ಲಿ ಕೂತೂ ಅತ್ತೆಯ ಮೂಲಕ ಮಾತಾಡುತ್ತಿದ್ದರು. "ಅತ್ತೆ, ಬಚ್ಚಲಲ್ಲಿ ಬಟ್ಟೆ ನೆನೆಹಾಕಿ ಎರಡು ದಿನ ಆಯ್ತು, ಯಾರದು ಅಂತ ಕೇಳಿ." "ಅತ್ತೆ, ಇವತ್ತು ಒಗೀತೀನಿ ಅಂತ ಹೇಳಿ." ಕೊನೆಗೊಂದು ದಿನ ಅತ್ತೆ ರೇಗಿದರು. "ನಾನೇನು ಪೋಸ್ಟ್ ಆಫೀಸಾ? ಇನ್ನೊಂದು ಸಲ ಹೇಳಿ ಕೇಳಿ ಅಂದ್ರೆ ಇಬ್ಬರಿಗೂ ಸ್ಟಾಂಪ್ ಹಾಕಿಬಿಡ್ತೀನಿ." ಮಗು ಕಿಲಕಿಲನೆ ನಕ್ಕಿತು. ಅಂದಿನಿಂದ ಇಬ್ಬರೂ ಬೇಕಾದಷ್ಟು ಮಾತ್ರ ನೇರವಾಗಿ ಆಡಲು ಕಲಿತರು.

ಮಗು ಒಂದು ದಿನ ಲಾಂಡ್ರಿಯಕ್ಕನ ಮುಂದೆ ಬಂದು ನಿಂತು ಕೇಳಿತು. "ನಿಮ್ಮನ್ನ ನಾನು ಏನಂತ ಕರೀಲಿ?"

"ದೊಡ್ಡಮ್ಮ ಅನ್ನು," ಎಂದರು ಅತ್ತೆ ಒಳಗಿನಿಂದ.

"ಯಾವ ಲೆಕ್ಕದಲ್ಲಿ ಅತ್ತೆ?" ಎಂದು ಲಾಂಡ್ರಿಯಕ್ಕ ಸಿಡುಕಿದಳು.

"ನೀನೇ ಲೆಕ್ಕ ಹಾಕಿ ನೋಡು. ಬೇರೆ ಯಾವುದಾದ್ರೂ ಹೊಂದಿದ್ರೆ ಹೇಳು, ಅದನ್ನೇ ಕಲಿಸೋಣ."

ಅವಳು ಆ ದಿನವೆಲ್ಲ ಯಂತ್ರಗಳ ಸದ್ದಿನ ನಡುವೆ ಲೆಕ್ಕ ಹಾಕಿದಳು. ಅಕ್ಕ, ಚಿಕ್ಕಮ್ಮ, ಸೋದರತ್ತೆ, ಯಾವುದೂ ಹೊಂದಲಿಲ್ಲ. ದೊಡ್ಡಮ್ಮ ಎಂಬುದೊಂದೇ ಉಳಿಯಿತು. ಅದೇ ಉಳಿದುಕೊಂಡಿತು.

ಅಷ್ಟು ಹೊತ್ತಿಗೆ ಯಾರೋ ವಸತಿ ವಿಭಾಗಕ್ಕೆ ದೂರು ಬರೆದಿದ್ದರು. ಮೂರನೇ ಮಹಡಿಯ ಮನೆಯಲ್ಲಿ ಸಿಬ್ಬಂದಿಯ ಕುಟುಂಬಕ್ಕೆ ಸೇರದವರು ವಾಸವಾಗಿದ್ದಾರೆ ಎಂದು. ಯಾರು ಬರೆದರೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ವಸತಿ ವಿಭಾಗದ ಅಧಿಕಾರಿ ತಪಾಸಣೆಗೆ ಬಂದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಬಚ್ಚಲಲ್ಲಿದ್ದ ನಾಲ್ಕು ಹಲ್ಲುಜ್ಜುವ ಬ್ರಷ್ಷು, ಬಾಗಿಲ ಬಳಿಯ ಪುಟ್ಟ ಶಾಲೆ ಬೂಟು, ಗೋಡೆಗೆ ಒರಗಿಸಿದ್ದ ಹಾಸಿಗೆಗಳು, ಎಲ್ಲವನ್ನೂ ನೋಡಿದರು. ಯಾವುದನ್ನೂ ಮುಟ್ಟಲಿಲ್ಲ.

"ನಾನು ಜಗಳಕ್ಕೆ ಬಂದಿಲ್ಲಮ್ಮ," ಎಂದರು ಲಾಂಡ್ರಿಯಕ್ಕನಿಗೆ. "ದೂರು ಬಂದ ಮೇಲೆ ನೋಡಲೇಬೇಕು. ಈ ಫಾರಂ ತುಂಬಿ ಕಳಿಸಿ. ಮನೆಯಲ್ಲಿ ಯಾರ್ಯಾರಿದ್ದಾರೆ, ನಿಮಗೆ ಏನಾಗಬೇಕು, ಅಷ್ಟೇ."

ಫಾರಮ್ಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕುಟುಂಬವೆಂದರೆ ಯಾರು ಎಂದು ಅಚ್ಚಾಗಿತ್ತು. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಮದುವೆಯಾಗದ ಒಡಹುಟ್ಟಿದವರು, ವಿಧವೆಯಾದ ಅಕ್ಕತಂಗಿಯರು, ಅವರ ಮಕ್ಕಳು.

ಆ ದಿನ ಎರಡನೆಯವಳಿಗೆ ರಜೆ. ಸಂಜೆ ಊಟದ ಮೇಜಿನ ಮೇಲೆ ಆ ಕಾಗದವನ್ನು ಹರಡಿಕೊಂಡು ಮೂವರೂ ಕೂತರು. ಮಗು ಒಳಕೋಣೆಯಲ್ಲಿ ಜೋರಾಗಿ ಪಾಠ ಓದುತ್ತಿತ್ತು.

"ನನ್ನನ್ನ ತಂಗಿ ಅಂತ ಬರೀರಿ," ಎಂದಳು ಎರಡನೆಯವಳು. "ಅತ್ತೆಯವರನ್ನ ತಾಯಿ ಅಂತ. ಯಾರು ಹೋಗಿ ವಿಚಾರಿಸ್ತಾರೆ?"

"ನನ್ನನ್ನ ತಾಯಿ ಅಂತ ಬರೀಬೇಡ," ಎಂದರು ಅತ್ತೆ. "ನಿನ್ನ ತಾಯಿ ಇದ್ದಳು, ನಾನು ನೋಡಿದ್ದೀನಿ, ಒಳ್ಳೇ ಹೆಂಗಸು. ಅವಳ ಜಾಗದಲ್ಲಿ ನನ್ನನ್ನ ಕೂರಿಸ್ಬೇಡ. ಅತ್ತೆಯಾಗಿ ಇಪ್ಪತ್ತು ವರ್ಷದಿಂದ ನಿನ್ನ ಪ್ರಾಣ ತಿಂದಿದ್ದೀನಿ, ಅಷ್ಟೂ ನೀರಲ್ಲಿ ಹೋಮ ಆಗಬೇಕಾ?"

ಲಾಂಡ್ರಿಯಕ್ಕನಿಗೆ ನಗು ಬಂತು, ಆದರೆ ಪೆನ್ನು ಹಿಡಿದ ಕೈ ಹಗುರಾಗಲಿಲ್ಲ. ಇವಳನ್ನು ತಂಗಿ ಎಂದು ಬರೆಯುವುದು ಸುಲಭವಾಗಿತ್ತು. ಎರಡೇ ಅಕ್ಷರ. ಆದರೆ ಹಾಗೆ ಬರೆದರೆ ಈ ಮನೆಯಲ್ಲಿ ನಡೆದದ್ದೆಲ್ಲ ನಡೆದೇ ಇಲ್ಲ ಎಂದಂತಾಗುತ್ತದಲ್ಲ ಎನಿಸಿತು. ತಾನು ನುಂಗಿಕೊಂಡದ್ದು, ಅತ್ತೆ ಬಿಟ್ಟುಬಂದದ್ದು, ಇವಳು ತಲೆತಗ್ಗಿಸಿಕೊಂಡು ಆ ಹೊಸ್ತಿಲಲ್ಲಿ ನಿಂತದ್ದು, ಯಾವುದೂ ತಂಗಿ ಎಂಬ ಮಾತಿನೊಳಗೆ ಹಿಡಿಸುತ್ತಿರಲಿಲ್ಲ. ಅವಳು ನಿಧಾನವಾಗಿ, ಇದ್ದದ್ದನ್ನು ಇದ್ದ ಹಾಗೆ ಬರೆದಳು. ಮೊದಲ ಸಾಲಿನಲ್ಲಿ ತನ್ನ ಹೆಸರು. ಎರಡನೇ ಸಾಲಿನಲ್ಲಿ, ಹಿಂದಿನ ಗಂಡನ ತಾಯಿ. ಮೂರನೇ ಸಾಲಿನಲ್ಲಿ, ಹಿಂದಿನ ಗಂಡನ ಹೆಂಡತಿ. ನಾಲ್ಕನೇ ಸಾಲಿನಲ್ಲಿ, ಅವರ ಮಗಳು.

ಮೂರು ವಾರದ ಮೇಲೆ ವಸತಿ ವಿಭಾಗದಿಂದ ಕರೆ ಬಂತು. ಅಧಿಕಾರಿ ಕುರ್ಚಿ ತೋರಿಸಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಫಾರಂ ನೋಡಿಲ್ಲಮ್ಮ. ಎಲ್ಲರೂ ತಮ್ಮ, ತಂಗಿ, ಚಿಕ್ಕಪ್ಪನ ಮಗ ಅಂತ ಏನೋ ಬರೀತಾರೆ, ನಾವೂ ಸುಮ್ನಿರ್ತೀವಿ. ನೀವು ಯಾಕೆ ಹೀಗೆ ಬರೆದ್ರಿ?"

"ಇರೋದೇ ಹಾಗಲ್ವಾ ಸಾರ್."

"ಇರೋದು ಹಾಗೇ. ಆದರೆ ನಾನು ಏನು ಮಾಡಲಿ?" ಅವರು ಒಂದು ಕಡತ ಮುಂದೆ ತಳ್ಳಿದರು. "ಮನೆಗಾಗಿ ಕಾಯ್ತಿರೋರು ಅರವತ್ತು ಜನ. ಎಕ್ಸ್‌ರೇ ವಿಭಾಗದ ಒಬ್ಬ ಹುಡುಗಿ ಇದ್ದಾಳೆ, ಅವಳಿ ಮಕ್ಕಳನ್ನ ಇಟ್ಕೊಂಡು ಒಂದೇ ಕೋಣೇಲಿ ಆರು ಜನರ ಜೊತೆ ಇರ್ತಾಳೆ. ಅವಳು ನನ್ನ ಹತ್ರ ಬಂದು ಅತ್ತರೆ ನಾನು ಏನು ಹೇಳಲಿ?"

ಅವಳು ಕಡತವನ್ನು ತೆರೆಯದೆ ಮೆಲ್ಲಗೆ ಅವರ ಕಡೆಗೇ ಸರಿಸಿದಳು.

ಅಧಿಕಾರಿ ದನಿ ತಗ್ಗಿಸಿದರು. "ಒಂದು ದಾರಿ ಇದೆ. ವಯಸ್ಸಾದವರು, ಹನ್ನೆರಡು ವರ್ಷದಿಂದ ನಿಮ್ಮ ಆಶ್ರಯದಲ್ಲಿದ್ದಾರೆ. ಅವರನ್ನ ವಿಶೇಷ ಪ್ರಕರಣ ಅಂತ ಹೇಗಾದ್ರೂ ಸೇರಿಸ್ತೀನಿ. ಆದರೆ ಆ ತಾಯಿ ಮಗಳು ಆಗಲ್ಲ. ಅವರು ಹೊರಟರೆ ಮನೆ ನಿಮಗೇ ಉಳಿಯುತ್ತೆ. ಯೋಚನೆ ಮಾಡಿ ತಿಳಿಸಿ."

ಅವಳು ನಾಲ್ಕು ದಿನ ಯೋಚನೆ ಮಾಡಿದಳು. ಮನೆಯಲ್ಲಿ ಬಾಯಿ ಬಿಡಲಿಲ್ಲ. ರೋಲರಿನೊಳಗೆ ಒದ್ದೆ ಬಟ್ಟೆ ಒಂದರ ಹಿಂದೊಂದು ಹೋಗಿ ಗರಿಗರಿಯಾಗಿ ಹೊರಬರುತ್ತಿರಲು, ತನ್ನ ಮನಸ್ಸನ್ನು ನೋಡಿಕೊಂಡು ತಾನೇ ಹೆದರಿದಳು. ಯಾಕೆಂದರೆ ಅಲ್ಲೊಂದು ಸಮಾಧಾನವಿತ್ತು. ತಾನು ಹೊರಗೆ ಹಾಕಬೇಕಾಗಿಲ್ಲ, ನಿಯಮವೇ ಹೊರಗೆ ಹಾಕುತ್ತದೆ. ಹನ್ನೆರಡು ವರ್ಷದ ಹಿಂದೆ ತನ್ನ ತಟ್ಟೆಯ ಮುಂದೆ ಕೂತು ಬಿಡುಗಡೆ ಕೇಳಿದವನಿಗೆ, ಅವನನ್ನು ಕರೆದುಕೊಂಡು ಹೋದವಳಿಗೆ, ತಾನೊಂದು ಮಾತೂ ಅಂದಿರಲಿಲ್ಲ. ಈಗಲೂ ಅನ್ನಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಮೂರನೇ ದಿನ ಮಗು ಮನೆಪಾಠದ ಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟು, "ದೊಡ್ಡಮ್ಮ, ಇಲ್ಲಿ ಸಹಿ ಹಾಕಿ," ಎಂದಿತು. "ನಿನ್ನ ಅಮ್ಮನ ಹತ್ರ ಹಾಕಿಸ್ಕೋ," ಎಂದು ಪುಸ್ತಕ ಹಿಂದಕ್ಕೆ ಕೊಟ್ಟಳು. ಮಗು ಪುಸ್ತಕವನ್ನು ಎದೆಗೆ ಅವುಚಿಕೊಂಡು ಹೋಯಿತು.

ನಾಲ್ಕನೇ ದಿನ ಪಾಳಿ ಮುಗಿಸಿ ಮನೆಗೆ ಬಂದಾಗ ಬಾಗಿಲ ಬಳಿ ಪುಟ್ಟ ಬೂಟು ಇರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಮಧ್ಯಾಹ್ನ ಆಫೀಸಿನಿಂದ ಕಾಗದ ಬಂತು. ಮೂರನೇ ನಂಬರು, ನಾಲ್ಕನೇ ನಂಬರು ಹೊರಟರೆ ಮನೆ ಉಳಿಯುತ್ತೆ ಅಂತ ಬರೆದಿದ್ರು. ಅವಳು ಓದಿದಳು. ಬಟ್ಟೆ ತುಂಬ್ಕೊಂಡಳು. ಮಗೂನ ಕರ್ಕೊಂಡು ಹೋದಳು."

"ನೀವು ತಡೀಲಿಲ್ವಾ?"

"ಏನಂತ ತಡೀಲಿ?" ಅತ್ತೆ ಚಾಕು ಕೆಳಗಿಟ್ಟರು. "ನಾಲ್ಕು ದಿನದಿಂದ ನಿನ್ನ ಬಾಯಿಗೆ ಬೀಗ. ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನಾನೂ ಈ ಮನೇಲಿ ನಿನ್ನ ದಯದಿಂದ ಇರೋಳೇ."

ಹನ್ನೆರಡು ವರ್ಷದಲ್ಲಿ ಅತ್ತೆ ಅಂಥ ಮಾತು ಆಡಿರಲಿಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ದಯದಿಂದ. ತಾನು ಹಾಗೆ ಯಾವತ್ತೂ ಅಂದುಕೊಂಡಿರಲಿಲ್ಲ ಎಂದು ಹೇಳಲು ಹೋದಳು, ಅಷ್ಟರಲ್ಲಿ ಅತ್ತೆ ಮತ್ತೆ ಚಾಕು ಎತ್ತಿಕೊಂಡಿದ್ದರು. ತಾನು ಬಾಯಿಬಿಡದೆ ಇದ್ದ ಈ ನಾಲ್ಕೂ ದಿನ ಈ ಮುದುಕಿ ತನ್ನನ್ನೂ ಆ ಫಾರಮ್ಮಿನ ಎರಡನೇ ನಂಬರಾಗಿ ಎಣಿಸಿಕೊಂಡು ಕೂತಿದ್ದಳು ಎಂಬುದು ಅವಳಿಗೆ ಆಗ ಹೊಳೆಯಿತು. ಇಬ್ಬರೂ ಊಟಕ್ಕೆ ಕೂತರು. ಇಬ್ಬರ ತಟ್ಟೆಯಲ್ಲಿಯೂ ಬಡಿಸಿದ್ದು ಹಾಗೆಯೇ ಉಳಿಯಿತು.

ಮಾರನೆಯ ದಿನ ಮಧ್ಯಾಹ್ನ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಅವಳು ಪಾಳಿ ಮುಗಿಯುವ ಮುಂಚೆ ಬಾಯ್ಲರಿನವನಿಗೆ ಎಲ್ಲ ಒಪ್ಪಿಸಿ ಹೊರಟಳು. ಮಗು ಎಲ್ಲಿ ರಾತ್ರಿ ಕಳೆದಿದ್ದರೂ ಶಾಲೆಗೆ ಬಂದೇ ಬಂದಿರುತ್ತದೆಂದು ಅವಳಿಗೆ ಗೊತ್ತಿತ್ತು. ಶಾಲೆಯ ಗೇಟಿನ ಎದುರು ಎರಡನೆಯವಳು ನಿಂತಿದ್ದಳು. ತಲೆ ಸರಿಯಾಗಿ ಬಾಚಿರಲಿಲ್ಲ. ಔಷಧಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಮಲಗಿದ್ದರಂತೆ.

"ನನಗೆ ಹೇಳದೆ ಹೋದೆ," ಎಂದಳು ಲಾಂಡ್ರಿಯಕ್ಕ.

"ನೀವೂ ಹೇಳದೆ ನಾಲ್ಕು ದಿನ ಇದ್ರಿ. ನಿಮಗೆ ಯೋಚನೆ ಮಾಡಬೇಕಾಗಿ ಬಂತಲ್ಲ, ಅದಕ್ಕೇ ಹೋದೆ."

"ಮಾಡಿದೆ. ನಿನ್ನ ಹತ್ರ ಸುಳ್ಳು ಯಾಕೆ? ಕಳಿಸಿಬಿಡೋಣ ಅಂತಾನೇ ಅನ್ಕೊಂಡಿದ್ದೆ. ಒಂದೆರಡು ದಿನ ಹಾಗೆ ಅನ್ಕೊಂಡು ಚೆನ್ನಾಗಿ ನಿದ್ದೇನೂ ಮಾಡಿದೆ."

ಎರಡನೆಯವಳು ರಸ್ತೆಯ ಕಡೆ ನೋಡುತ್ತಿದ್ದಳು. "ನಾನು ನಿಮ್ಮ ಹತ್ರ ಕ್ಷಮೆ ಕೇಳಿಲ್ಲ. ಬಂದ ದಿನವೇ ಕೇಳಬೇಕಿತ್ತು."

"ಕೇಳಬೇಡ. ಕೇಳಿದರೆ ಕೊಡಬೇಕಾಗುತ್ತೆ. ನನಗಿನ್ನೂ ಆಗಲ್ಲ."

ಒಳಗೆ ಗಂಟೆ ಹೊಡೆಯಿತು. ಮಕ್ಕಳ ಗದ್ದಲ ಮೆಟ್ಟಿಲಿಳಿದು ಬರತೊಡಗಿತು.

"ಸಿಟ್ಟು ಹಾಗೇ ಇದೆ," ಎಂದಳು ಲಾಂಡ್ರಿಯಕ್ಕ. "ಅದು ಹೋಗುತ್ತೆ ಅಂತ ಮಾತು ಕೊಡೋಕೂ ಆಗಲ್ಲ. ಇದ್ರೆ ಇರ್ಲಿ ಬಿಡು, ಅದಕ್ಕೇನು ಬೇರೆ ಕೋಣೆ ಬೇಕಾಗಿಲ್ಲ. ಆದರೆ ನೀವಿಬ್ಬರೂ ಗೋದಾಮಿನಲ್ಲಿ ಮಲಗೋದು, ನಾವಿಬ್ಬರೂ ಆ ಮನೇಲಿ ಮುಖ ಮುಖ ನೋಡ್ಕೊಂಡು ಕೂರೋದು, ಇದಾಗಲ್ಲ. ಬೇರೆ ಮನೆ ನೋಡೋಣ. ನಾಲ್ಕು ಜನಕ್ಕೆ."

"ಆ ಮನೆ? ಇಪ್ಪತ್ತು ವರ್ಷದಿಂದ ಇದ್ದೀರಲ್ಲ."

"ಎಕ್ಸ್‌ರೇ ಹುಡುಗಿಗೆ ಹೋಗ್ಲಿ. ಅವಳಿ ಮಕ್ಕಳಂತೆ."

ಮಗು ಓಡಿಬಂತು. ಇಬ್ಬರನ್ನೂ ಒಟ್ಟಿಗೆ ಕಂಡು ತಡೆದು ನಿಂತಿತು. ಯಾರ ಕಡೆ ಹೋಗುವುದೆಂದು ತಿಳಿಯದೆ ಒಬ್ಬರಿಂದೊಬ್ಬರಿಗೆ ಕಣ್ಣು ಹಾಯಿಸಿತು. ಆಮೇಲೆ ಚೀಲವನ್ನು ದೊಡ್ಡಮ್ಮನ ಕೈಗೆ ಕೊಟ್ಟು, ತಾಯಿಯ ಕೈ ಹಿಡಿದುಕೊಂಡಿತು.

ಮನೆ ಹುಡುಕಲು ಒಂದು ತಿಂಗಳು ಹಿಡಿಯಿತು. ಗಂಡಸರಿಲ್ಲದ ಮನೆಯೇ ಎಂದು ಕೆಲವರು ಹಿಂಜರಿದರು. ನಿಮ್ಮಲ್ಲಿ ಯಾರು ಯಾರಿಗೆ ಏನು ಎಂದು ಕೇಳಿ, ಉತ್ತರ ಕೇಳಿದ ಮೇಲೆ ಕೆಲವರು ಬಾಗಿಲು ಹಾಕಿಕೊಂಡರು. ಕೊನೆಗೆ ಸೈಕಲ್ ಅಂಗಡಿಯೊಂದರ ಹಿಂದೆ, ನೆಲಮಾಳಿಗೆಯ ಹಾಗೆ ಮೂರು ಮೆಟ್ಟಿಲು ಕೆಳಗಿಳಿಯುವ ಮನೆ ಸಿಕ್ಕಿತು. ಕ್ವಾರ್ಟರ್ಸಿಗಿಂತ ಇಕ್ಕಟ್ಟು. ಲಾಂಡ್ರಿಗೆ ಎರಡು ಬಸ್ಸು ಬದಲಿಸಬೇಕು. ಬಾಲ್ಕನಿಯಿಲ್ಲ, ಬಟ್ಟೆಯನ್ನು ಮುಂದಿನ ಓಣಿಯಲ್ಲಿ ಒಣಗಿಸಬೇಕು. ಮನೆ ಖಾಲಿ ಮಾಡಿ ಕ್ವಾರ್ಟರ್ಸಿನ ಬೀಗದ ಕೈ ಕೊಡಲು ಹೋದ ದಿನ ಅಧಿಕಾರಿ ಅದನ್ನು ತೆಗೆದುಕೊಂಡು, ಅವಳಿಗಾಗಿ ಎದ್ದು ನಿಂತರು. ಅವರಿಂದ ಆದದ್ದು ಅಷ್ಟೇ. ಅವಳು ಅವರ ಮೇಲೆ ಬೇಸರ ಮಾಡಿಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ಮಾತ್ರ ಕೈ ಬರಿದಾದಂತೆನಿಸಿ, ಎರಡು ಸಲ ಜೇಬು ತಡಕಿಕೊಂಡಳು.

ಸಾಮಾನು ಸಾಗಿಸಿದ ದಿನ ಲಾಂಡ್ರಿಯವರೆಲ್ಲ ಬಂದರು. ಅತ್ತೆಯನ್ನು ಟೆಂಪೋದ ಮುಂದಿನ ಸೀಟಿನಲ್ಲಿ ಕೂರಿಸಿದರೆ, ದಾರಿಯುದ್ದಕ್ಕೂ ಡ್ರೈವರನಿಗೆ ಎಲ್ಲಿ ಬ್ರೇಕು ಹಾಕಬೇಕೆಂದು ಹೇಳಿಕೊಡುತ್ತಾ ಬಂದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಳಗೆ ಸೇರಿತು. ಅತ್ತೆಯ ಕುರ್ಚಿಯನ್ನು ಬಾಗಿಲ ಹೊರಗೆ, ಓಣಿಯ ಬಿಸಿಲಿನಲ್ಲಿ ಹಾಕಿಕೊಟ್ಟರು.

ಅಡುಗೆಮನೆಯಲ್ಲಿ ಒಲೆ ಎಲ್ಲಿಡಬೇಕೆಂದು ಇಬ್ಬರು ಹೆಂಗಸರಿಗೂ ಜಟಾಪಟಿ ಹತ್ತಿತ್ತು. ಕಿಟಕಿಯ ಕೆಳಗಿಟ್ಟರೆ ಗಾಳಿಗೆ ಆರುತ್ತದೆ ಎಂದು ಲಾಂಡ್ರಿಯಕ್ಕ, ಮೂಲೆಗಿಟ್ಟರೆ ಒಗ್ಗರಣೆಯ ಹೊಗೆ ಹೋಗುವುದೆಲ್ಲಿಂದ ಎಂದು ಎರಡನೆಯವಳು. ಇಬ್ಬರ ದನಿಯೂ ಏರಿತ್ತು. ಅಷ್ಟೊಂದು ಬಾಯಿಬಿಟ್ಟು, ಅಳುಕಿಲ್ಲದೆ, ಇಬ್ಬರೂ ಜಗಳವಾಡಿದ್ದು ಅದೇ ಮೊದಲು. ಕಿಟಕಿಯಾಚೆ ಪಕ್ಕದ ಮನೆಯ ಹೆಂಗಸೊಬ್ಬಳು ಅತ್ತೆಯ ಬಳಿ ಬಂದು ನಿಂತು ಮಾತಿಗೆಳೆದದ್ದು ಲಾಂಡ್ರಿಯಕ್ಕನಿಗೆ ಕೇಳಿಸಿತು.

"ಒಳಗೆ ಯಾರಮ್ಮ ಅದು, ಇಷ್ಟು ಜೋರು?"

"ನನ್ನ ಸೊಸೆಯಂದಿರು."

"ಇಬ್ಬರೂನಾ? ಮತ್ತೆ ನಿಮಗೆ ಎಷ್ಟು ಜನ ಗಂಡುಮಕ್ಕಳು?"

ಅತ್ತೆ ಕುರ್ಚಿ ಸರಿಸಿಕೊಂಡ ಸದ್ದಾಯಿತು.

"ಒಬ್ಬನೇ ಇದ್ದ," ಎಂದರು.

ಅಡುಗೆಮನೆಯಲ್ಲಿ ಜಗಳ ನಿಂತಿತು. ಎರಡನೆಯವಳು ಒಲೆಯ ಒಂದು ತುದಿ ಹಿಡಿದುಕೊಂಡು ಹಾಗೆಯೇ ನಿಂತಿದ್ದಳು. ಲಾಂಡ್ರಿಯಕ್ಕ ಗೋಡೆಯ ಕಡೆ ತಿರುಗಿ, ಮುಂಗೈಯಿಂದ ಕಣ್ಣೊರೆಸಿಕೊಂಡಳು. ಒಬ್ಬನೇ ಇದ್ದ. ಅವನು ಇವರಿಬ್ಬರಿಗೂ ಇದ್ದ, ಈಗ ಇಬ್ಬರಿಗೂ ಇಲ್ಲ. ಇದನ್ನು ಯಾರೂ ಅವಳಿಗೆ ಈ ತನಕ ಹೀಗೆ ಹೇಳಿರಲಿಲ್ಲ.

ಆಮೇಲೆ ಅವಳು ಬಂದು ಒಲೆಯ ಇನ್ನೊಂದು ತುದಿ ಹಿಡಿದಳು.

"ಎತ್ತು," ಎಂದಳು. "ಕಿಟಕಿ ಕೆಳಗೇ ಇಡೋಣ."